ಫರ್ಸಿ ಹಾಸಿದ ನಾಡಿನ ಒಳದಾರಿಗಳು

ಗುಂಡಗುರ್ತಿಯನ್ನು ನೋಡಲೆಂದೇ ಯಾರೂ ಬರುವುದಿಲ್ಲ. ಕಲಬುರಗಿಯಿಂದ ಸೇಡಂಗೆ ಹೋಗುವವರಿಗೆ ಅದು ಬಸ್ಸು ನಿಲ್ಲುವ ಒಂದು ಊರು. ನಾಲ್ಕು ಮಂದಿ ಇಳಿಯುತ್ತಾರೆ, ಚೀಲ ಹೊತ್ತ ಆರು ಮಂದಿ ಹತ್ತುತ್ತಾರೆ. ಟಂಟಂ ಚಾಲಕ ಇನ್ನೂ ಒಬ್ಬರಿಗೆ ಜಾಗವಿದೆ ಎಂದು ಕೂಗುತ್ತಿರುತ್ತಾನೆ. ಮಿರ್ಚಿ ಭಜಿ ಕರಿಯುವ ಬಾಣಲಿಯ ಪಕ್ಕದಲ್ಲಿ ಹಿರಿಯರು ಕಲ್ಲುಹಾಸಿನ ಕಟ್ಟೆಯ ಮೇಲೆ ಕೂತು ತೊಗರಿಯ ಧಾರಣೆ ಮಾತಾಡುತ್ತಾರೆ. ಚಿತ್ತಾಪುರ ತಾಲ್ಲೂಕಿನ ಈ ಊರನ್ನು ನಾನು ಪ್ರವಾಸದ ಮೊದಲ ತಾಣವಾಗಿ ಆರಿಸಿಕೊಂಡಿದ್ದು ಇಲ್ಲಿಂದ ಒಡೆಯುವ ಸಣ್ಣ ರಸ್ತೆಗಳಿಗಾಗಿ. ಒಂದು ದಿಕ್ಕಿಗೆ ಮಳಖೇಡ, ಸೇಡಂ, ಚಿಂಚೋಳಿ. ಇನ್ನೊಂದು ದಿಕ್ಕಿಗೆ ಕಾಗಿಣಾ ದಾಟಿದರೆ ಚಿತ್ತಾಪುರ, ವಾಡಿ, ಶಹಾಬಾದ. ನಕ್ಷೆಯಲ್ಲಿ ಅಂಗೈಯಗಲದ ಈ ತುಣುಕಿನಲ್ಲಿ ಕನ್ನಡ ನಾಡಿನ ಎಷ್ಟೊಂದು ಚರಿತ್ರೆ ಬಿದ್ದಿದೆಯೆಂದರೆ, ಅದನ್ನು ಹೆದ್ದಾರಿಯ ವೇಗದಲ್ಲಿ ಹಾದುಹೋಗುವುದು ನನಗೆ ಅನ್ಯಾಯವೆನಿಸುತ್ತದೆ.

ಜೊತೆಗೆ ಚಿತ್ತಾಪುರದ ಗೆಳೆಯನಿದ್ದ. ಸಣ್ಣ ಕಾರು ಅವನದು, ಹಾದಿಯ ಅರಿವೂ ಅವನದೇ. ಎಳ್ಳಮಾವಾಸ್ಯೆಯ ಆಸುಪಾಸಿನ ದಿನಗಳು. ಈ ಸೀಮೆಯನ್ನು ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯಲ್ಲಿ ಇಲ್ಲಿ ಕಲ್ಲೂ ಮಣ್ಣೂ ಸೇರಿ ಕಾಯುತ್ತವೆ. ಮಳೆಗಾಲದಲ್ಲಿ ಯರಿಮಣ್ಣು ಚಕ್ರ ಹಿಡಿದರೆ ಬಿಡುವುದಿಲ್ಲ. ಮಾಗಿಯಲ್ಲಿ ಮಾತ್ರ ಎಲ್ಲವೂ ತೆರೆದುಕೊಂಡಿರುತ್ತದೆ. ಬಿಳಿಜೋಳ ತೆನೆಗೆ ತಿರುಗಿರುತ್ತದೆ, ಕಡಲೆ ಹಸಿರಾಗಿರುತ್ತದೆ, ತೊಗರಿಯ ಕಾಯಿ ಬಲಿತು ಗಿಡ ಒಣಗತೊಡಗಿರುತ್ತದೆ. ಕೊಯ್ದ ತೊಗರಿಯನ್ನು ಕೆಲವರು ಡಾಂಬರು ರಸ್ತೆಯ ಮೇಲೆಯೇ ಹರಡಿರುತ್ತಾರೆ. ಓಡಾಡುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ. ಅದರ ಮೇಲೆ ಕಾರು ಹಾಯಿಸುವಾಗ ಚಟಪಟ ಸದ್ದಾಗುತ್ತದೆ. ಅಲ್ಲಿ ಜೋರಾಗಿ ಹೋಗಬಾರದು, ಬ್ರೇಕ್ ಒತ್ತಬಾರದು, ಪಕ್ಕದಲ್ಲಿ ನಿಂತ ಹೆಣ್ಣುಮಗಳು ಕೈ ತೋರಿಸಿದ ಕಡೆಯಿಂದಲೇ ಹೋಗಬೇಕು. ಒಳದಾರಿಯ ಸಂಚಾರ ನಿಯಮಗಳನ್ನು ಬರೆದವರು ಅವರು.

ಗುಂಡಗುರ್ತಿ ಬಿಟ್ಟು ಸ್ವಲ್ಪ ಒಳಗೆ ಹೋದ ಕೂಡಲೇ ಮನೆಗಳು ಬದಲಾಗುತ್ತವೆ. ಗೋಡೆಗೆ ಇಟ್ಟಿಗೆಯಿಲ್ಲ. ಚಪ್ಪಟೆ ಬೂದುಗಲ್ಲನ್ನು ಒಂದರ ಮೇಲೊಂದು ಪೇರಿಸಿದ ಗೋಡೆ, ಅದೇ ಕಲ್ಲಿನ ಅಗಲ ಹಾಸುಗಳ ಮಾಳಿಗೆ, ಅದೇ ಕಲ್ಲಿನ ಮೆಟ್ಟಿಲು, ಹೊಸ್ತಿಲು, ನೀರಿನ ತೊಟ್ಟಿ. ಹೊಲದ ಬದುವಿಗೂ ಬಚ್ಚಲಿಗೂ ನಿಲ್ಲಿಸಿದ ಹಾಸುಗಲ್ಲುಗಳೇ ಮರೆ. ಇಲ್ಲಿಯವರು ಇದನ್ನು ಫರ್ಸಿ ಎನ್ನುತ್ತಾರೆ. ಹೊರಗಿನವರಿಗೆ ಇದು ಶಹಾಬಾದ್ ಕಲ್ಲು. ಪುಣೆ, ಮುಂಬೈ, ಹೈದರಾಬಾದುಗಳ ಹಳೆಯ ಮನೆಗಳ ನೆಲ, ಎಷ್ಟೋ ರೈಲು ನಿಲ್ದಾಣಗಳ ಪ್ಲಾಟ್‌ಫಾರ್ಮು, ಶಾಲೆಗಳ ಪಡಸಾಲೆ ಇದರದೇ. ಕೋಟ್ಯಂತರ ವರ್ಷಗಳ ಹಿಂದೆ ಈ ನೆಲದ ಮೇಲೆ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ನೆಲೆಗೊಂಡ ಸುಣ್ಣದ ಕೆಸರು ಗಟ್ಟಿಯಾಗಿ ಈ ಕಲ್ಲಾಯಿತು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹ ಎಂದು ಕರೆಯುತ್ತಾರೆ. ಬಹುಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನಿನ ಲಾವಾ ಹರಿದು ಬಂದು ಹಾಸಿಕೊಂಡಿತು. ಆ ಲಾವಾದ ಬಂಡೆ ಸವೆದು ಪುಡಿಯಾಗಿ ಯರಿಮಣ್ಣಾಯಿತು. ಕೆಳಗೆ ಸಮುದ್ರದ ಕಲ್ಲು, ಮೇಲೆ ಬೆಂಕಿಯ ಮಣ್ಣು. ಮೇಲಿನದು ತೊಗರಿ ಕೊಡುತ್ತದೆ, ಕೆಳಗಿನದು ಮನೆ ಕೊಡುತ್ತದೆ. ಈ ನಾಡಿನ ಬದುಕು, ರಾಜಧಾನಿ, ಶಾಸನ, ಕಾರ್ಖಾನೆ, ಜಗಳ ಎಲ್ಲ ಈ ಎರಡರ ನಡುವೆಯೇ ನಡೆದಿದೆ. ಆದ್ದರಿಂದ ಈ ಪ್ರಯಾಣದಲ್ಲಿ ನಾನು ಊರುಗಳನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಆ ಕಲ್ಲಿನ ಜಾಡು ಹಿಡಿದೆ ಎನ್ನಬೇಕು.

ಜಾಡು ಮೊದಲು ಕಾಗಿಣಾ ನದಿಗೆ ಇಳಿಯುತ್ತದೆ. ತೆಲಂಗಾಣದ ವಿಕಾರಾಬಾದ್ ಕಡೆಯ ಗುಡ್ಡಗಳಲ್ಲಿ ಹುಟ್ಟಿ ಸೇಡಂ, ಮಳಖೇಡ, ದಂಡೋತಿಗಳ ಬಳಿ ಹಾದು ಶಹಾಬಾದದ ಆಚೆ ಭೀಮೆಯನ್ನು ಸೇರುವ ನದಿ. ದಂಡೋತಿಯ ಸೇತುವೆಯ ಮೇಲೆ ಕಾರು ನಿಲ್ಲಿಸಿ ನೋಡಿದರೆ ಮಾಗಿಯ ಕಾಗಿಣಾ ಬಹಳ ಸಾಧು. ಕಲ್ಲುಹಾಸಿನ ಪಾತ್ರ ಅಲ್ಲಲ್ಲಿ ತೇಲಿ ಕಾಣುತ್ತದೆ, ಅಗಸರು ಅದರ ಮೇಲೆ ಬಟ್ಟೆ ಹರವುತ್ತಾರೆ. ಎಮ್ಮೆ ಹೊಡೆದುಕೊಂಡು ಬಂದ ಮುದುಕರೊಬ್ಬರು ನಮ್ಮನ್ನು ಮಾತಾಡಿಸಿದರು.

"ಎಲ್ಲಿಗಿ ಹೊಂಟೀರಿ ತಮ್ಮಾ?"

"ಸುಮ್ನ ನದಿ ನೋಡ್ಲಿಕ್ಕ ನಿಂತೇವ್ರಿ ಮುತ್ತ್ಯಾ."

"ಈಗೇನ್ ನೋಡ್ತೀರಿ. ಶ್ರಾವಣದಾಗ ಬರ್ರಿ. ಆವಾಗ ಈ ಪೂಲ್ ಕಾಣಂಗಿಲ್ಲ. ಈ ಕಡಿ ಮಂದಿ ಈ ಕಡೀಗೇ, ಆ ಕಡಿ ಮಂದಿ ಆ ಕಡೀಗೇ. ಹೆರಿಗಿಗಿ ಹೋಗೋ ಹೆಣ್ಮಗಳಿಗೂ ಹಾದಿ ಇಲ್ಲ."

ಅವರು ಹೇಳಿದ್ದು ಮಳೆ ಜೋರಾದ ವರ್ಷಗಳಲ್ಲೆಲ್ಲ ಸುದ್ದಿಯಾಗುತ್ತದೆ. ಸೇತುವೆ ಮುಳುಗಿದರೆ ಚಿತ್ತಾಪುರಕ್ಕೂ ಕಲಬುರಗಿಗೂ ನಡುವಿನ ಹಾದಿ ಕಡಿಯುತ್ತದೆ. ದೇಶಕ್ಕೆಲ್ಲ ಸೇತುವೆ ಕಟ್ಟುವ ಸಿಮೆಂಟು ಹುಟ್ಟುವ ತಾಲ್ಲೂಕಿದು.

ಮಳಖೇಡಕ್ಕೆ ನಾವು ಮುಖ್ಯರಸ್ತೆ ಬಿಟ್ಟು ಹೊಲಗಳ ನಡುವಿನಿಂದ ಬಂದೆವು. ಹಾಗೆ ಬಂದರೆ ಕೋಟೆ ನದಿಯ ಕಡೆಯಿಂದ ಕಾಣಿಸಿಕೊಳ್ಳುತ್ತದೆ. ಫರ್ಸಿಯ ಮೇಲೆ ಫರ್ಸಿ ಪೇರಿಸಿದ ಗೋಡೆ. ಹಳ್ಳಿಯ ಮನೆಗಳಲ್ಲಿ ಕಂಡ ಅದೇ ಕಟ್ಟೋಣ, ಅಳತೆ ಮಾತ್ರ ಅರಸರದು. ಈಗ ನಿಂತಿರುವ ಕೋಟೆ ರಾಷ್ಟ್ರಕೂಟರ ನಂತರವೂ ಹಲವರ ಕೈ ದಾಟಿ ಬಂದದ್ದು. ಆದರೆ ಊರು ಮಾನ್ಯಖೇಟವೇ. ಸುಮಾರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಉಳಿದಿರುವ 851ರ ವೃತ್ತಾಂತದಲ್ಲಿ ಇಲ್ಲಿಯ ದೊರೆ 'ಬಲ್ಹರಾ' ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ಕವಿರಾಜಮಾರ್ಗವನ್ನು ಶ್ರೀವಿಜಯ ರಚಿಸಿದ್ದು ಈ ಅರಸನ ಆಸ್ಥಾನದಲ್ಲಿ. ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಹೊಗಳಿದ್ದು ಇದೇ ಅರಸನನ್ನು. ನೂರು ವರ್ಷಗಳ ಮೇಲೆ ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತ ಇಲ್ಲಿ ಕೂತು ಅಪಭ್ರಂಶದಲ್ಲಿ ಮಹಾಪುರಾಣ ಬರೆದ. 972ರಲ್ಲಿ ಪರಮಾರರ ಸೀಯಕ ಬಂದು ಈ ನಗರವನ್ನು ಸೂರೆಗೈದ. ಅಲ್ಲಿಗೆ ಮಾನ್ಯಖೇಟದ ದೊಡ್ಡ ದಿನಗಳು ಮುಗಿದವು.

ಇದನ್ನೆಲ್ಲ ಓದಿಕೊಂಡು ಬಂದವನಿಗೆ ಮಳಖೇಡ ಮೊದಲು ಏನನ್ನೂ ಹೇಳುವುದಿಲ್ಲ. ಕೋಟೆಯೊಳಗೆ ಜನರ ಮನೆಗಳಿವೆ, ಆಡು ಕಟ್ಟಿದ ಬುರುಜುಗಳಿವೆ, ಮಳೆಗೆ ಜರಿದ ಗೋಡೆಯಿದೆ. ನೇಮಿನಾಥ ಬಸದಿಯ ಒಳಗೆ ಹೋದರೆ ಮಾತ್ರ ಕಾಲ ಹಿಂದಕ್ಕೆ ಸರಿಯುತ್ತದೆ. ತಗ್ಗು ಚಾವಣಿ, ದಪ್ಪ ಕಂಬಗಳು, ಸಣ್ಣ ಸಣ್ಣ ಜಿನಬಿಂಬಗಳಿಂದ ತುಂಬಿದ ಲೋಹದ ಪುಟ್ಟ ಮಂಟಪ. ನದಿಯ ಕಡೆ ಟೀಕಾಚಾರ್ಯರೆನಿಸಿದ ಜಯತೀರ್ಥರ ಸನ್ನಿಧಿ. ಮಾಧ್ವರಿಗೆ ಮಳಖೇಡವೆಂದರೆ ಟೀಕಾಚಾರ್ಯರ ಊರು. ಅನತಿ ದೂರದಲ್ಲಿ ದರ್ಗಾ. ಒಂದೇ ನದಿಯ ದಂಡೆಯ ಮೇಲೆ, ಒಂದೇ ಕಲ್ಲಿನಲ್ಲಿ, ಇವರೆಲ್ಲರೂ ತಮ್ಮ ತಮ್ಮ ದೇವರಿಗೆ ಮನೆ ಮಾಡಿದ್ದಾರೆ. ಹಂಪಿಗೆ ಸಿಕ್ಕ ಆರೈಕೆಯಲ್ಲಿ ಹತ್ತರಲ್ಲೊಂದು ಪಾಲು ಮಳಖೇಡಕ್ಕೆ ಸಿಕ್ಕಿದ್ದರೆ ಎಂದು ಅಲ್ಲಿ ನಿಂತಷ್ಟು ಹೊತ್ತೂ ನನ್ನ ಹೊಟ್ಟೆ ಉರಿಯುತ್ತದೆ. ಕನ್ನಡವನ್ನು ಶಾಸ್ತ್ರವಾಗಿ ಯೋಚಿಸಿದ ಮೊದಲ ಊರಿಗೆ ಕನ್ನಡಿಗರು ಬರುವುದಿಲ್ಲ. ಕೋಟೆಯ ಬಾಗಿಲಲ್ಲಿ ಆಡುತ್ತಿದ್ದ ಹುಡುಗರನ್ನು "ಇದನ್ನ ಯಾರು ಕಟ್ಟಿದ್ರು ಗೊತ್ತೇನು?" ಎಂದು ಕೇಳಿದೆ. "ನೃಪತುಂಗ್ರೀ!" ಎಂದು ಒಟ್ಟಿಗೆ ಕೂಗಿದರು. ಅವರ ಮೇಷ್ಟ್ರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಳಖೇಡದಿಂದ ಸೇಡಂವರೆಗೆ ಕಾರ್ಖಾನೆಗಳ ಚಿಮಣಿಗಳು ಬಿಡದೆ ಜೊತೆಗೆ ಬರುತ್ತವೆ. ಆದಿತ್ಯನಗರದ್ದು, ಸೇಡಂನ ವಾಸವದತ್ತಾ, ಆಮೇಲೆ ಬಂದ ಇನ್ನಷ್ಟು. ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದವು. ಸೇಡಂ ಪಟ್ಟಣದಲ್ಲಿ ನಾವು ಹೆಚ್ಚು ನಿಲ್ಲಲಿಲ್ಲ. ಪಂಚಲಿಂಗೇಶ್ವರ ಗುಡಿ ನೋಡಿ, ಸುಸಲಾ ತಿಂದು, ಚಾ ಕುಡಿದು ಹೊರಟೆವು. ಇಲ್ಲಿಂದ ಪೂರ್ವಕ್ಕೆ ಒಂದಿಷ್ಟು ಹೋದರೆ ತೆಲಂಗಾಣ. ಗಡಿಯಾಚೆಯ ತಾಂಡೂರಿನಲ್ಲೂ ಇದೇ ಕಲ್ಲು, ಇದೇ ಯರಿ, ಇದೇ ತೊಗರಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 1956ರ ನವೆಂಬರ್ 1ಕ್ಕೆ ಮೊದಲು ಇವೆರಡೂ ಒಂದೇ ಹೈದರಾಬಾದ್ ರಾಜ್ಯದ ಹೊಲಗಳು. ಅಂಗಡಿಗಳಲ್ಲಿ ಇಂದಿಗೂ ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಬರುತ್ತವೆ. ಯಾರೂ ಅದನ್ನು ವಿಶೇಷವೆಂದು ತಿಳಿದಿಲ್ಲ.

ಸುಲೇಪೇಟದ ಹಾದಿಯಲ್ಲಿ ಎಳ್ಳಮಾವಾಸ್ಯೆ ನಮ್ಮನ್ನು ಹಿಡಿದು ನಿಲ್ಲಿಸಿತು. ಊರುಗಳು ಖಾಲಿ, ಮನೆಗಳಿಗೆ ಬೀಗ. ಎಲ್ಲರೂ ಬಂಡಿ, ಟ್ರ್ಯಾಕ್ಟರು, ಟಂಟಂ ಹತ್ತಿ ಹೊಲಕ್ಕೆ ಹೋಗಿದ್ದಾರೆ. ಹೊಲದ ಮರದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆದು ನಿಂತ ಪೈರಿನ ಸುತ್ತ ಚರಗ ಚೆಲ್ಲಿ, ಉಂಡು, ಇಳಿಹೊತ್ತಿಗೆ ಮನೆಗೆ ಮರಳುವ ಹಬ್ಬ. ಬಸುರಿ ಭೂಮಿಗೆ ಬಯಕೆಯ ಊಟ ಕೊಡುವುದೆಂದು ಹಿರಿಯರು ಹೇಳುತ್ತಾರೆ. ರಸ್ತೆ ಪಕ್ಕ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ ನಮ್ಮನ್ನು ಹೊಲದೊಳಗಿಂದ ಒಬ್ಬ ತಾಯಿ ಕರೆದರು. "ಯಣ್ಣಾ, ಅಲ್ಲೇ ಯಾಕ ನಿಂತೀರಿ? ಇವತ್ತ ಹೊಲದ ಮುಂದ ಹಾದು ಉಪವಾಸ ಹೋಗಬಾರ್ದು. ಬರ್ರಿ, ಉಣ್ರಿ." ನಾವು ಯಾರು, ಯಾವ ಊರು, ಯಾವ ಜಾತಿ ಎಂಬ ಪ್ರಶ್ನೆ ಊಟ ಮುಗಿಯುವವರೆಗೂ ಬರಲಿಲ್ಲ. ಸಜ್ಜಿ ರೊಟ್ಟಿ, ಹತ್ತಾರು ಕಾಯಿಪಲ್ಯ ಕಾಳು ಸೇರಿಸಿ ಕುದಿಸಿದ ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮಡಕೆಯಲ್ಲಿ ತಣ್ಣಗಾದ ಅಂಬಲಿ. ಬಡಿಸುತ್ತಲೇ ಆ ತಾಯಿ ಹೊಲದ ಕಥೆ ಹೇಳಿದರು. ಆ ಕಡೆಯ ತುಂಡಿಗೆ ನೆಟೆರೋಗ ಬಿದ್ದು ಅರ್ಧ ತೊಗರಿ ನಿಂತಲ್ಲೇ ಒಣಗಿದೆ. ಈ ಕಡೆಯದು ಕೈಹಿಡಿದರೆ ಮಗನ ಸಾಲ ತೀರುತ್ತದೆ. ಮಗ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ, ಹಬ್ಬಕ್ಕೆಂದು ಬಂದವನು ನಾಳೆ ಹೋಗುತ್ತಾನೆ. ಆ ಮಗ ನಮ್ಮ ಎದುರಿಗೇ ಕೂತು ಉಣ್ಣುತ್ತಿದ್ದ. ಕಲಬುರಗಿಯ ಸಿಮೆಂಟನ್ನು ಪುಣೆಯಲ್ಲಿ ಕಲಸುವ ಕೈ ಅವನದು.

ಚಿಂಚೋಳಿಗೆ ಹತ್ತಿರವಾಗುತ್ತಿದ್ದಂತೆ ನೆಲ ಏರುತ್ತದೆ, ಮಣ್ಣು ಕೆಂಪಾಗುತ್ತದೆ, ಫರ್ಸಿ ಕಣ್ಣಿಗೆ ಬೀಳುವುದು ನಿಲ್ಲುತ್ತದೆ. ಬಯಲುಸೀಮೆಯೆಂದರೆ ಮರವಿಲ್ಲದ ಬಯಲು ಎಂದುಕೊಂಡವರನ್ನು ಕುಂಚಾವರಂ ಕಾಡಿನ ರಸ್ತೆಗೆ ಕರೆತರಬೇಕು. 2011ರಲ್ಲಿ ವನ್ಯಧಾಮವಾದ ಈ ಕಾಡು ಸುಮಾರು 135 ಚದರ ಕಿಲೋಮೀಟರ್ ಇದೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂದು ಇದನ್ನು ಕರೆಯುತ್ತಾರೆ. ಸಾಗುವಾನಿ, ಶ್ರೀಗಂಧ, ರಕ್ತಚಂದನ. ತೋಳ, ಕತ್ತೆಕಿರುಬ, ನರಿ. ಚಂದ್ರಂಪಳ್ಳಿ ಜಲಾಶಯದ ನೀರಿನ ಅಂಚಿನಲ್ಲಿ ಗುಡ್ಡಗಳ ನೆರಳು ಬಿದ್ದಾಗ ಇದು ಕಲಬುರಗಿ ಜಿಲ್ಲೆಯೇ ಎಂದು ಯಾರಾದರೂ ಕೇಳಿಯಾರು. ಕಾಡಿನಂಚಿನ ತಾಂಡಾಗಳಲ್ಲಿ ಲಂಬಾಣಿ ಮಾತು ಕೇಳುತ್ತದೆ. ಅಲ್ಲಿಯ ಅನೇಕ ಮನೆಗಳಲ್ಲಿ ಮುದುಕರೂ ಮಕ್ಕಳೂ ಮಾತ್ರ. ದುಡಿಯುವವರು ಹೈದರಾಬಾದಿಗೋ ಮುಂಬೈಗೋ ಗುಳೆ ಹೋಗಿದ್ದಾರೆ. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಚಿಂಚೋಳಿಯವರು ಎಂಬುದನ್ನು ಚಾ ಅಂಗಡಿಯವರು ನಮಗೆ ಹೆಮ್ಮೆಯಿಂದಲೇ ಹೇಳಿದರು. ಅದೇ ಬಾಯಲ್ಲಿ ಬಸ್ಸಿನ ತೊಂದರೆಯನ್ನೂ ಹೇಳಿದರು.

ಮರಳಿ ಸೇಡಂ ಮೇಲಿಂದ ಚಿತ್ತಾಪುರಕ್ಕೆ ಬಂದಾಗ ಗೆಳೆಯ ಊರೊಳಗೆ ಹೋಗದೆ ನೇರ ನಾಗಾವಿಗೆ ತಿರುಗಿಸಿದ. ನಾಗಾವಿ ಈಗ ಯಲ್ಲಮ್ಮನ ಊರು. ಭಕ್ತರು ಬರುತ್ತಾರೆ, ಹಣ್ಣುಕಾಯಿ ಮಾಡಿಸಿಕೊಂಡು ಹೋಗುತ್ತಾರೆ. ಗುಡಿಯ ಆಚೆ ಮುಳ್ಳುಕಂಟಿಯ ನಡುವೆ ಅರವತ್ತು ಕಂಬದ ಗುಡಿಯೂ ಮತ್ತಷ್ಟು ಕಟ್ಟಡಗಳೂ ಇವೆ. ಸಾವಿರ ವರ್ಷಗಳ ಹಿಂದೆ ಇದು ಘಟಿಕಾಸ್ಥಾನ, ಅಂದರೆ ವಿದ್ಯಾಲಯ. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಹಾಕಿಸಿದ 1058ರ ಶಾಸನ ಇದರ ಪೂರ್ತಿ ಆಡಳಿತವನ್ನು ಹೇಳುತ್ತದೆ. ವೇದ ಓದುವವರು ಇನ್ನೂರು ಮಂದಿ, ಶಾಸ್ತ್ರ ಓದುವವರು ಐವತ್ತರಷ್ಟು, ಅವರಿಗೆ ಉಪಾಧ್ಯಾಯರು, ಅವರೆಲ್ಲರ ಊಟ ಬಟ್ಟೆಗೆ ಭೂಮಿ. ಮತ್ತೆ, ನನ್ನನ್ನು ಅಲ್ಲಿ ಅಲುಗಾಡದಂತೆ ನಿಲ್ಲಿಸಿದ ವಿವರ: ಆರು ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಕಾಯುವವರು. ಇನ್ನೂರೈವತ್ತು ವಿದ್ಯಾರ್ಥಿಗಳ ಕಾಲೇಜಿಗೆ ಆರು ಗ್ರಂಥಪಾಲಕರು! ಆ ಓಲೆಗರಿಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಉಳಿದಿರುವುದು ಕಲ್ಲು, ಅದರ ಮೇಲಿನ ಲೆಕ್ಕ. ಆರು ಜನರಿಗೆ ಸಂಬಳ ಕೊಡುವಷ್ಟು ಪುಸ್ತಕಗಳಿದ್ದ ಊರು ಇದು ಎಂಬುದನ್ನು ಚಿತ್ತಾಪುರದ ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯಿಸಬೇಕೆಂದು ನನ್ನಾಸೆ. ಹಿಂದುಳಿದ ಜಿಲ್ಲೆಯವರು ಎಂದು ಕೇಳಿ ಕೇಳಿ ತಲೆ ತಗ್ಗಿಸಿ ಬೆಳೆಯುವ ಮಕ್ಕಳಿಗೆ ಇದು ಗೊತ್ತಾಗಬೇಕು.

ನಾಗಾವಿಯಿಂದ ರಾವೂರಿನ ಕಡೆ ಹೊರಟಾಗ ರಸ್ತೆಯ ಎರಡೂ ಬದಿ ಒಡೆದ ಕಲ್ಲಿನ ರಾಶಿಗಳು ಶುರುವಾದವು. ಮನುಷ್ಯನಿಗಿಂತ ಎತ್ತರ, ಬಿಸಿಲಿಗೆ ಬೆಳ್ಳಗೆ ಹೊಳೆಯುವ ರಾಶಿಗಳು. ಕಾರು ನಿಲ್ಲಿಸಿ ಖಣಿಯೊಂದರ ಅಂಚಿಗೆ ನಡೆದೆವು. ಕೆಳಗೆ ನೆಲ ಮೆಟ್ಟಿಲು ಮೆಟ್ಟಿಲಾಗಿ ತೆರೆದಿತ್ತು. ಮೇಲೆ ಮೊಳ ಎರಡು ಮೊಳ ಯರಿಮಣ್ಣು, ಅದರ ಕೆಳಗೆ ಪುಸ್ತಕದ ಹಾಳೆಗಳನ್ನು ಜೋಡಿಸಿಟ್ಟಂತೆ ಕಲ್ಲಿನ ಪದರಗಳು. ಬೂದು, ನಸುನೀಲಿ, ಅಲ್ಲಲ್ಲಿ ಹಳದಿಗೆ ತಿರುಗಿದ್ದು. ಕೆಲಸದವರು ಹಾರಿ ಹಾಕಿ, ಛಿನ್ನಿ ಬಡಿದು, ಒಂದೊಂದೇ ಪದರವನ್ನು ಎಬ್ಬಿಸುತ್ತಿದ್ದರು. ಬಲ ಹೆಚ್ಚಾದರೆ ಹಾಸು ಒಡೆಯುತ್ತದೆ, ಕಡಿಮೆಯಾದರೆ ಏಳುವುದಿಲ್ಲ. ಛಿನ್ನಿಯ ಸದ್ದಿನಲ್ಲೇ ಕಲ್ಲು ಬಿಡುತ್ತದೋ ಇಲ್ಲವೋ ಅವರಿಗೆ ಗೊತ್ತಾಗುತ್ತದೆ. ತಲೆಗೆ ಟವೆಲ್ ಸುತ್ತಿದ ನಡುವಯಸ್ಸಿನ ಕೆಲಸಗಾರರೊಬ್ಬರು ಮೇಲೆ ಬಂದು ಬೀಡಿ ಹಚ್ಚಿದರು.

"ಎಷ್ಟು ವರ್ಷ ಆತ್ರಿ ಈ ಕೆಲಸಕ್ಕ?"

"ನಮ್ಮಪ್ಪನ ಕೈಯಾಗಿಂದ ಸುತ್ತಿಗಿ ತಗೊಂಡೀನ್ರಿ ಸರ. ಎಷ್ಟ್ ವರ್ಷ ಅಂತ ಹೇಳ್ಲಿ."

"ಮಗನೂ ಇದಕ್ಕೇ ಬರ್ತಾನೇನು?"

"ಬ್ಯಾಡ್ರಿ. ಅವ ಐಟಿಐ ಓದ್ಲಕತ್ತಾನ. ಈ ಕಲ್ಲಿಗೂ ಈಗ ಮೊದಲಿನ ಗಿರಾಕಿ ಇಲ್ಲ. ಎಲ್ಲಾರಿಗೂ ಟೈಲ್ಸ್ ಬೇಕು. ಇದರ ಮ್ಯಾಲ ಬ್ಯಾಸಗ್ಯಾಗ ಮಕ್ಕೊಂಡು ನೋಡ್ರಿ, ಆಮ್ಯಾಲ ಟೈಲ್ಸ್ ಅನ್ನಂಗಿಲ್ಲ."

ಅವರ ಅಂಗೈ ನೋಡಿದೆ. ಬೆರಳುಗಳ ಗೆರೆಯಲ್ಲೆಲ್ಲ ಕಲ್ಲಿನ ಬಿಳಿಪುಡಿ ಕೂತಿತ್ತು. ಆ ಪುಡಿ ಎದೆಯೊಳಗೂ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿದೆ, ಕೆಮ್ಮುತ್ತಲೇ ಹೇಳಿದರು. ಪಕ್ಕದ ಹಳೆಯ ಖಣಿಯಲ್ಲಿ ನೀರು ನಿಂತು ಹಸಿರು ಕೆರೆಯಾಗಿತ್ತು. ಅಂಥವುಗಳಿಗೆ ಬೇಲಿಯಿಲ್ಲ. ಪಾಲಿಶ್ ಘಟಕಗಳಿಂದ ಹರಿದ ಬಿಳಿ ರಾಡಿ ಹೊಲದ ಅಂಚಿನಲ್ಲಿ ಗಟ್ಟಿಯಾಗಿತ್ತು. ಅಲ್ಲಿ ಹುಲ್ಲು ಏಳುವುದಿಲ್ಲ. ಮೇಲಿನ ಮಣ್ಣು ತೆಗೆದರಷ್ಟೇ ಕೆಳಗಿನ ಕಲ್ಲು ಸಿಗುವುದು. ಒಮ್ಮೆ ಖಣಿಯಾದ ಹೊಲ ಮತ್ತೆ ಹೊಲವಾಗುವುದಿಲ್ಲ. ತೊಗರಿಯೋ ಕಲ್ಲೋ ಎಂಬ ಆಯ್ಕೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಂದು ಸಂಜೆಯ ಮಾತಿನಲ್ಲಿ ತೀರ್ಮಾನವಾಗಿಹೋಗಿದೆ, ಮಗಳ ಮದುವೆಗೋ ಮಗನ ಓದಿಗೋ.

ವಾಡಿ ಬೇರೆಯದೇ ಲೋಕ. ಈ ಊರನ್ನು ಬೆಳೆಸಿದ್ದು ರೈಲು. ಮುಂಬೈಯಿಂದ ರಾಯಚೂರಿನ ಕಡೆಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಕಂಪನಿಯ ಹಳಿ 1871ರ ಹೊತ್ತಿಗೆ ಬಂದಿತ್ತು. 1874ರಲ್ಲಿ ನಿಜಾಮರ ಹಳಿ ಸಿಕಂದರಾಬಾದಿನಿಂದ ಬಂದು ಇಲ್ಲಿ ಕೂಡಿತು. ಸೇಡಂ, ಮಳಖೇಡ ರೋಡ್, ಚಿತ್ತಾಪುರ ನಿಲ್ದಾಣಗಳು ಆ ಹಳಿಯ ಮೇಲಿನವೇ. ರೈಲು ಬಂದದ್ದರಿಂದ ಕಲ್ಲು ಹೊರಗೆ ಹೋಯಿತು. ಕಲ್ಲು ಇದ್ದದ್ದರಿಂದ ಕಾರ್ಖಾನೆ ಒಳಗೆ ಬಂತು. 1968ರಲ್ಲಿ ಎಸಿಸಿ ಇಲ್ಲಿ ಸಿಮೆಂಟ್ ಘಟಕ ಶುರುಮಾಡಿತು. ಇವತ್ತು ವಾಡಿಯ ಮಾರುಕಟ್ಟೆಯಲ್ಲಿ ಬಿಹಾರದವರೂ ಆಂಧ್ರದವರೂ ರಾಜಸ್ಥಾನದವರೂ ಸಿಗುತ್ತಾರೆ. ಊರಿನ ಹತ್ತಿರದ ಹಲಕಟ್ಟಾ ದರ್ಗಾದ ಉರುಸಿಗೆ ಎಲ್ಲರೂ ಹೋಗುತ್ತಾರೆ.

ಚಿತ್ತಾಪುರ ತಾಲ್ಲೂಕಿನ ತೆಂಕಣ ಅಂಚಿನಲ್ಲಿ ಭೀಮೆಯ ದಂಡೆಯ ಸನ್ನತಿಗೆ ಹೋಗುವ ಒಳದಾರಿ ಈ ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಹತ್ತಿ ಬಿಡಿಸುವವರ ಬಣ್ಣದ ಸೀರೆಗಳು, ರಸ್ತೆಗೆ ಅಡ್ಡ ಬರುವ ಕುರಿಹಿಂಡು, ಎದುರಿಗೆ ಬಸ್ಸು ಬಂದರೆ ಹೊಲಕ್ಕೆ ಇಳಿಸಬೇಕಾದ ಕಾರು. ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ. ಅದರ ಆವರಣದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದು ಮೂರ್ತಿ ಹಾಳಾಯಿತು. ಪೀಠದ ಕಲ್ಲನ್ನು ಎಬ್ಬಿಸಿ ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ: ಅಶೋಕನ ಶಾಸನ! ಮೂರ್ತಿಯನ್ನು ನಿಲ್ಲಿಸಲು ನಡುವೆ ತೂತು ಕೊರೆದಿದ್ದರು. ಕಲ್ಲು ಅಗಲವಾಗಿತ್ತು, ಸಪಾಟಾಗಿತ್ತು, ಪೀಠಕ್ಕೆ ಒಪ್ಪುತ್ತಿತ್ತು. ಆ ಕಾಲದವರು ಹಳ್ಳಿಯವರು ಇಂದಿಗೂ ಮಾಡುವುದನ್ನೇ ಮಾಡಿದ್ದರು, ಸಿಕ್ಕ ಒಳ್ಳೆಯ ಹಾಸುಗಲ್ಲನ್ನು ಬಳಸಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ನೆಲ ಅಗೆದಾಗ ದೊಡ್ಡ ಸ್ತೂಪವೇ ಎದ್ದಿತು. ಅದರ ಸುಣ್ಣಗಲ್ಲಿನ ಹಲಗೆಗಳ ಮೇಲೆ ಬುದ್ಧನ ಕಥೆಗಳು, ಜಾತಕಗಳು, ಮತ್ತು ಒಂದು ಹಲಗೆಯ ಮೇಲೆ ರಾಣಿ ಪರಿವಾರದ ಜೊತೆ ನಿಂತ ಅರಸ. ಜೊತೆಗೆ ಹೆಸರನ್ನೂ ಕೆತ್ತಿದೆ: ರಾಯೋ ಅಸೋಕೋ. ಅಶೋಕನ ರೂಪದ ಜೊತೆಗೆ ಅವನ ಹೆಸರೇ ಇರುವ ಶಿಲ್ಪ ದೊರೆತ ನೆಲ ಇದು. ಎರಡು ಸಾವಿರ ವರ್ಷಗಳ ಹಿಂದಿನ ಆ ಶಿಲ್ಪಿ ಛಿನ್ನಿ ಇಟ್ಟಿದ್ದು ರಾವೂರಿನ ಖಣಿಯಲ್ಲಿ ಎದ್ದಂಥದೇ ಕಲ್ಲಿನ ಮೇಲೆ.

ಶಹಾಬಾದಕ್ಕೆ ಬಂದಾಗ ಸಂಜೆಯ ಪಾಳಿಯ ಹೊತ್ತು, ಆದರೆ ಪಾಳಿಗೆ ಹೋಗುವವರು ಕಾಣಲಿಲ್ಲ. ಈ ಕಲ್ಲಿಗೆ ಹೆಸರು ಕೊಟ್ಟ ಪಟ್ಟಣದ ಹಳೆಯ ಸಿಮೆಂಟ್ ಕಾರ್ಖಾನೆ ನಿಂತುಹೋಗಿದೆ. ಸ್ವಾತಂತ್ರ್ಯಕ್ಕಿಂತ ಮೊದಲೇ ಇಲ್ಲಿ ಸಿಮೆಂಟ್ ತಯಾರಾಗುತ್ತಿತ್ತು. 1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿಯಾದ ಕಥೆಯಲ್ಲಿ ಶಹಾಬಾದವೂ ಇದೆ. ಕ್ವಾರ್ಟರ್ಸುಗಳ ಸಾಲು, ಬೇವಿನ ಮರಗಳು, ಒಂದು ಕಾಲದಲ್ಲಿ ನಾಟಕ ಸಿನಿಮಾ ನಡೆದಿದ್ದ ಸಭಾಂಗಣ. ನಿವೃತ್ತ ಕಾರ್ಮಿಕರೊಬ್ಬರು ತಮ್ಮ ಯೌವನದ ಶಹಾಬಾದವನ್ನು ನಮಗೆ ರಸ್ತೆ ರಸ್ತೆಯಾಗಿ ವಿವರಿಸಿದರು. ಎಲ್ಲಿ ಕೂಡಿ ಹೋಳಿ ಆಡುತ್ತಿದ್ದರು, ಸಂಬಳದ ದಿನ ಪೇಟೆ ಹೇಗಿರುತ್ತಿತ್ತು, ಮುಷ್ಕರದಲ್ಲಿ ಯಾರ ಮನೆಯಲ್ಲಿ ಎಲ್ಲರಿಗೂ ಅಡುಗೆಯಾಗುತ್ತಿತ್ತು. ನಾನು ಬರೆದುಕೊಳ್ಳುವುದನ್ನು ಕಂಡು, "ಬರೀರಿ, ನಾವ್ ಹೋದ ಮ್ಯಾಲ ಹೇಳವ್ರು ಇರಂಗಿಲ್ಲ" ಎಂದರು.

ಕಲಬುರಗಿಗೆ ಹೋಗುವ ದಾರಿಯಲ್ಲಿ ಮರತೂರು. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಊರು ಇದೆಂದು ಶಾಸನದ ಆಧಾರದಿಂದ ಗುರುತಿಸಿದ್ದಾರೆ. ಅವನ ಹೆಸರಿನ ಭವನವೂ ಇಲ್ಲಿದೆ. ಅವನಿದ್ದದ್ದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅವನು ವಾದಿಸಿದ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರೆಯ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ನ್ಯಾಯಾಲಯಗಳಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಮರತೂರಿನ ಈ ಪಂಡಿತನ ಮಾತಿನಂತೆ. ಹೆಣ್ಣುಮಕ್ಕಳಿಗೆ ಆ ಜನ್ಮಸಿದ್ಧ ಹಕ್ಕು ದೇಶದಾದ್ಯಂತ ಸಮನಾಗಿ ಬರಲು 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಊರ ಮುಂದಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ಪಕ್ಕದ ಬೆಂಚಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಪಹಣಿಯ ಹಾಳೆಗಳನ್ನು ಹರವಿಕೊಂಡಿದ್ದರು. ತೀರಿಹೋದ ಅಪ್ಪನ ನಾಲ್ಕೂವರೆ ಎಕರೆ ಯರಿ ಹೊಲ. ತಂಗಿಯ ಹೆಸರೂ ಸೇರಬೇಕೋ ಬೇಡವೋ ಎಂಬ ಮಾತು. ತಮ್ಮನಿಗೆ ಅಷ್ಟಾಗಿ ಮನಸ್ಸಿರಲಿಲ್ಲ; ಮದುವೆಗೆ ಮಾಡಿದ ಖರ್ಚಿನ ಲೆಕ್ಕ ತೆಗೆದ. ಅಣ್ಣ ಲೋಟ ಕೆಳಗಿಟ್ಟು, "ಆಕಿ ಹೆಸರು ಹಚ್ಚೋದು ಹಚ್ಚೋದೇ. ನಾಳಿ ಹತ್ತಕ್ಕ ತಹಶೀಲಿಗಿ ನಡಿ, ಆಧಾರ್ ಕಾರ್ಡ್ ತಗೊಂಡು ಬರ್ಲಿಕ್ಕ ಆಕಿಗೆ ಫೋನ್ ಹಚ್ಚು" ಎಂದ. ತಮ್ಮ ಸ್ವಲ್ಪ ಹೊತ್ತು ಹಾಳೆ ನೋಡುತ್ತಿದ್ದವನು, ಫೋನು ತೆಗೆದು ತಂಗಿಯ ನಂಬರು ಒತ್ತಿದ.